ಶೆಟ್ರ ಅವಲಕ್ಕಿ ಮುಡಿಗೆ ನಾನು ಕೈ ಹಾಕಿದ್ದು

ಶಾಲೆಯ ಕ್ಯಾಂಪಿಗೆ ಯಾರೂ ಗಾಜು ತರಕೂಡದು ಎಂದು ನಮ್ಮ ಹೆಡ್‌ಮಾಸ್ಟರು ಹುಕುಂ ಹೊರಡಿಸಿದ ದಿನ ನನ್ನ ಅರ್ಧ ಮರ್ಯಾದೆ ಹೋಯಿತು. ಉಳಿದರ್ಧವನ್ನು ನಾನೇ ಕೈಯಾರೆ ಕಳೆದುಕೊಂಡೆ. ಹೇಗೆ ಅಂತೀರಾ?

ನಾನು ಮೇಷ್ಟ್ರು ಎಂಬುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ವರ್ಷಕ್ಕೊಮ್ಮೆ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಕಿರಿಮಂಜೇಶ್ವರದ ಕಡಲ ತೀರದಲ್ಲಿ ಮೂರು ದಿನ ಟೆಂಟ್ ಹಾಕುತ್ತೇವೆ. ಐದು ವರ್ಷದಿಂದ ಊಟ ತಿಂಡಿಯ ಉಸ್ತುವಾರಿ ನನ್ನದೇ. ಯಾಕೆ? ನನ್ನ ಹತ್ತಿರ ಬಾಟ್ಲಿಗಳಿದ್ದವು! ಬೊಂಬಾಯಿಯಲ್ಲಿ ಹೋಟೆಲ್ ಕೆಲಸದಲ್ಲಿರುವ ನನ್ನ ಭಾವ ತಂದುಕೊಟ್ಟ, ತಿರುಪಿನ ಮುಚ್ಚಳದ ಆರು ಗಾಜಿನ ಬಾಟ್ಲಿಗಳು. ಒಂದರಲ್ಲಿ ಮಿಡಿ ಉಪ್ಪಿನಕಾಯಿ, ಒಂದರಲ್ಲಿ ತುಪ್ಪ, ಒಂದರಲ್ಲಿ ಚಟ್ನಿಪುಡಿ. ಹಲಗೆಯ ಮೇಲೆ ಸಾಲಾಗಿ ಇಟ್ಟರೆ ಬೇರೆ ಮೇಷ್ಟ್ರುಗಳು ಬಂದು ನೋಡಿ ಹೋಗುತ್ತಿದ್ದರು. (ನಾನು ದೂರದಿಂದ ಅವರನ್ನು ನೋಡುತ್ತಿದ್ದೆ.)

ಕಳೆದ ವರ್ಷ ಅದರಲ್ಲೊಂದು ಒಡೆಯಿತು. ಮರಳಿನಲ್ಲಿ ಹುದುಗಿದ ಚೂರು ಮಗುವೊಂದರ ಪಾದಕ್ಕೆ ಹೊಕ್ಕಿತು. ಬೈಂದೂರಿಗೆ ಹೊತ್ತುಕೊಂಡು ಹೋಗಿ ಹೊಲಿಗೆ ಹಾಕಿಸಬೇಕಾಯಿತು. ಹುಕುಂ ನ್ಯಾಯವಾದದ್ದೇ. ಆದರೆ ಉಸ್ತುವಾರಿಯನ್ನೂ ಹೊಸದಾಗಿ ಬಂದ ಡ್ರಿಲ್ ಮಾಸ್ಟರ್ ರಾಜೀವ ಶೆಟ್ರಿಗೆ ಕೊಡಬೇಕಿತ್ತಾ?

ಶೆಟ್ರು ತಂದದ್ದೇನು ಗೊತ್ತಾ? ಬರೀ ಹುಲ್ಲು! ಅವರದು ಗದ್ದೆ ಬೇಸಾಯದ ಮನೆ. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿದು ಮುಡಿ ಕಟ್ಟುತ್ತಾರಲ್ಲ, ಅದೇ ರೀತಿ ಮೂರು ಪುಟ್ಟ ಮುಡಿ. ಒಳಗೆ ಒಣ ಬಾಳೆಲೆಯ ಪದರ, ಅದರೊಳಗೆ ಬೆಲ್ಲ, ಕಾಯಿ ಹಾಕಿ ಹುರಿದ ಅವಲಕ್ಕಿ. ದಿನಕ್ಕೊಂದು ಮುಡಿ. ಉಪ್ಪಲ್ಲಿ ಹಾಕಿದ ಮಾವಿನಕಾಯಿ ಬಿದಿರಿನ ಅಂಡೆಯಲ್ಲಿ.

ನಾನು ಸುಮ್ಮನಿರುವವನಾ? ಹೊಸ ಅಲ್ಯುಮಿನಿಯಂ ಡಬ್ಬಿಯಲ್ಲಿ ಉಪ್ಪಿನಕಾಯಿ ಒಯ್ದೆ. ಎರಡನೇ ದಿನಕ್ಕೆ ಅದು ಕಪ್ಪಾಗಿ, ನಾಲಿಗೆಗೆ ಇಟ್ಟರೆ ಕೊಡಪಾನ ನೆಕ್ಕಿದ ಹಾಗೆ. ಯಾರಿಗೂ ಹೇಳದೆ ಗಾಳಿಮರದ ಬುಡದಲ್ಲಿ ಹೂತೆ.

ಮೊದಲ ದಿನ ಶೆಟ್ರು ಮುಡಿ ಬಿಚ್ಚಿದಾಗ ಅವಲಕ್ಕಿ ಈಗ ಬಾಣಲೆಯಿಂದ ಇಳಿಸಿದ ಹಾಗೆ ಗರಿಗರಿ! ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡರು. ತಿಂದಾದ ಮೇಲೆ ಆ ಹುಲ್ಲನ್ನೇ ಒಲೆಗೆ ಹಾಕಿ ಚಾಗೆ ನೀರು ಕಾಯಿಸಿದರು.

"ತೊಳೂಕಿಲ್ಲ, ವಾಪಾಸ್ ಹೊರೂಕಿಲ್ಲ. ಎಂಥಾ ತಲೆ ಮಾರಾಯ್ರೆ ನಿಮ್ದ್!" ಎಂದರು ಹೆಡ್‌ಮಾಸ್ಟರು.

ಐದು ವರ್ಷ ಬಾಟ್ಲಿ ಹೊತ್ತು, ತೊಳೆದು, ವಾಪಸು ಹೊತ್ತ ನನಗೆ ಒಂದು ದಿನವಾದರೂ 'ಎಂಥಾ ತಲೆ' ಎಂದದ್ದುಂಟಾ? ಹೊಟ್ಟೆ ಉರಿಯಿತು. ಬೇರೆ ಶಬ್ದ ಹುಡುಕುವುದಿಲ್ಲ, ಅದು ಅಪ್ಪಟ ಹೊಟ್ಟೆಕಿಚ್ಚು.

ಎರಡನೇ ದಿನ ಮಧ್ಯಾಹ್ನ ಎಲ್ಲರೂ ದೇವಸ್ಥಾನಕ್ಕೆ ಹೊರಟರು. ಟೆಂಟ್ ನಾನು ಕಾಯುತ್ತೇನೆ ಎಂದೆ. ಉಳಿದದ್ದು ಒಂದೇ ಮುಡಿ. ಕಡಲ ಗಾಳಿಗೆ ಇದಾದರೂ ಮೆತ್ತಗಾಗಿರಬಹುದು ಎಂಬ ಆಸೆ ನನಗೆ. ಗಂಟು ಬಿಚ್ಚಿ ಕೈ ಹಾಕಿದೆ. ಗರಿಗರಿ! ಸಿಟ್ಟಿನಲ್ಲಿ ಒಂದು ಮುಷ್ಟಿ ತಿಂದೆ. (ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.)

ವಾಪಸು ಕಟ್ಟಲು ಹೋದರೆ ಬರಬೇಕಲ್ಲ? ಹಗ್ಗ ಎಳೆದರೆ ಹುಲ್ಲು ಜಾರುತ್ತದೆ, ಹುಲ್ಲು ಹಿಡಿದರೆ ಎಲೆ ಬಾಯಿ ಬಿಡುತ್ತದೆ. ಬಿ.ಎ. ಓದಿದವನಿಗೆ ಒಂದು ಮುಡಿ ಕಟ್ಟಲು ಬಾರದು! ಹೇಗೋ ಸುತ್ತಿ, ಗೋಣಿಯಡಿ ತುರುಕಿ, ಪುಸ್ತಕ ಹಿಡಿದು ಕೂತೆ.

ಮರುದಿನ ಬೆಳಿಗ್ಗೆ ಅವಲಕ್ಕಿಗಿಂತ ಇರುವೆಯೇ ಹೆಚ್ಚು. ಸಾಲದ್ದಕ್ಕೆ ಮರಳು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು. ಗಂಜಿ ಬೇಯುವ ತನಕ ಖಾಲಿ ಹೊಟ್ಟೆ.

"ಶೆಟ್ರೇ, ಎಂತ ಇದ್?" ಹೆಡ್‌ಮಾಸ್ಟರ ಮುಖ ಕೆಂಪಾಗಿತ್ತು.

ಶೆಟ್ರು ಆ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದು ತಮ್ಮ ಕೈಯ ಗಂಟಲ್ಲ ಎಂದು ಅವರಿಗೆ ತಿಳಿಯದೆ ಇದ್ದೀತೇ?

"ನಾ ಕಟ್ಟದ್ದ್ ಸಮ ಆಯ್ಲಿಲ್ಲ ಕಾಣತ್ ಸರ್. ತಪ್ಪಾಯ್ತ್" ಎಂದರು.

"ಬಪ್ಪ ವರ್ಷ ಐತಾಳ್ರೇ ಕಾಣ್ಕಣ್ಲಿ" ಎಂದು ಹೆಡ್‌ಮಾಸ್ಟರು ಅಲ್ಲೇ ತೀರ್ಮಾನ ಕೊಟ್ಟರು.

ಐತಾಳ ಎಂದರೆ ನಾನೇ. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಹೋದ ಉಸ್ತುವಾರಿ ವಾಪಸು ಬಂದದ್ದಕ್ಕೆ ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ? ನಾಚಿಕೆ ಆಮೇಲೆ ಬಂತು, ಬಸ್ಸಿನಲ್ಲಿ. ಶೆಟ್ರು ನನಗೆಂದು ಕಿಟಕಿ ಪಕ್ಕದ ಸೀಟು ಹಿಡಿದಿಟ್ಟಿದ್ದರು. (ಹೆಡ್‌ಮಾಸ್ಟರೇ, ಇಲ್ಲಿಯವರೆಗೆ ಓದಿದ್ದರೆ ಸೋಮವಾರ ಕರೆದು ಬೈಯಿರಿ. ಉಸ್ತುವಾರಿ ಯಾರದೆಂದು ಮತ್ತೊಮ್ಮೆ ಯೋಚಿಸಿ.)

ಮೊನ್ನೆ ಭಾನುವಾರ ಅಂಗಳದಲ್ಲಿ ಸೈಕಲ್ ಬೆಲ್ ಕೇಳಿಸಿತು. "ಹ್ವಾಯ್, ಐತಾಳ್ರೇ!"

ನೋಡಿದರೆ ಶೆಟ್ರು. ಕ್ಯಾರಿಯರಿನಲ್ಲಿ ಒಂದು ಕಟ್ಟು ಬೈಹುಲ್ಲು. ನನ್ನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಹುಲ್ಲು ಹರಡಿದರು. ಮುಖದಲ್ಲಿ ಕೊಂಕಿಲ್ಲ, ದನಿಯಲ್ಲಿ ಬಿಸಿಯಿಲ್ಲ.

"ಬನಿ, ಕೂಕಣಿ. ಬಪ್ಪ ವರ್ಷ ನಿಮ್ಗೇ ಬೇಕಲ್ದಾ? ಬಿಚ್ಚುಕೆ ನಿಮ್ಗ್ ಬತ್ತ್. ಕಟ್ಟುಕೆ ನಾ ಕಲ್ಸ್ತೆ."

ಇಂಥ ಮನುಷ್ಯನನ್ನು ಕಂಡು ಹೊಟ್ಟೆಕಿಚ್ಚು ಪಡದೆ ಇರುವುದು ಹೇಗೆ, ನೀವೇ ಹೇಳಿ?