ಉಪದೇಶಿಗಳ ಕಣ್ಣೀರು

ಮೊನ್ನೆ ಮೊಮ್ಮಗಳು ತನ್ನ ಮಗುವಿಗೆ ನೆಗಡಿಯೆಂದು ಕರ್ಚೀಫಿನ ಮೇಲೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಲಹಂಕದ ನಮ್ಮ ಹೆಂಚಿನ ದೇವಾಲಯವೂ ಅದರೊಳಗೆ ನಿಂತು ಅಳುತ್ತಿದ್ದ ಉಪದೇಶಿಗಳೂ ಕಣ್ಣ ಮುಂದೆ ಬಂದರು. ಅವರ ಕರ್ಚೀಫಿಗೂ ಇದೇ ವಾಸನೆಯಿತ್ತು. ಅಳು ತಾನಾಗಿ ಬರುತ್ತಿತ್ತೋ, ಎಣ್ಣೆ ಬರಿಸುತ್ತಿತ್ತೋ... ನನಗೆ ಇವತ್ತಿಗೂ ಅನುಮಾನ. 'ಅವರು' ಎಂದು ಬರೆಯುತ್ತಿರುವುದು ಬಾಯಿಗೆ ಕೂತ ಅಭ್ಯಾಸದಿಂದ, ಗೌರವದಿಂದಲ್ಲ.

ಐವತ್ತರ ದಶಕದ ಮಾತು. ನಮ್ಮದು ಮೂವತ್ತು ಕ್ರೈಸ್ತ ಮನೆಗಳ ಸಣ್ಣ ಸಭೆ. ಪಾಸ್ಟರು ತಿಂಗಳಿಗೊಮ್ಮೆ ಬೆಂಗಳೂರಿನ ದಂಡು ಪ್ರದೇಶದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ಭಾನುವಾರ ಪ್ರಾರ್ಥನೆ ನಡೆಸುವವರು, ಮನೆಮನೆಗೆ ಹೋಗಿ ವಾಕ್ಯ ಓದುವವರು, ಮದುವೆಗೂ ಸಾವಿಗೂ ಮುಂದೆ ನಿಲ್ಲುವವರು ಉಪದೇಶಿಗಳೇ. ದಪ್ಪ ಮೈ, ಇಸ್ತ್ರಿ ಮಾಡಿದ ಬಿಳಿ ಕೋಟು, ಎಣ್ಣೆ ಸವರಿದಂಥ ನಯವಾದ ದನಿ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದಳು. ಉಪದೇಶಿಗಳು ಅವಳನ್ನು ತಮ್ಮ ಹೆಂಡತಿಯ ತಮ್ಮನಿಗೆ ಕೇಳಿದರು. ಆ ಮಹಾಶಯ ಯಾವ ಕೆಲಸದಲ್ಲೂ ಆರು ತಿಂಗಳು ನಿಂತವನಲ್ಲ. ಅಪ್ಪ ಕೈಮುಗಿದು ಬೇಡವೆಂದರು. ಅದೇ ವರ್ಷ ಮತ್ತಿಕೆರೆಯ ಹುಡುಗನೊಬ್ಬನ ಸಂಬಂಧ ಕೂಡಿಬಂತು. ಜಾಲಹಳ್ಳಿ ಕಡೆಯ ಹೊಸ ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ. ಹೆಣ್ಣು ನೋಡಿ ಹೋದ ಮೇಲೆ ಅಕ್ಕ ಒಂದು ವಾರ ಸುಮ್ಮಸುಮ್ಮನೆ ನಗುತ್ತಿದ್ದಳು. ಮದುವೆಯ ಪ್ರಕಟಣೆಯನ್ನು ದೇವಾಲಯದಲ್ಲಿ ಮೂರು ಭಾನುವಾರ ಓದಬೇಕು. ಎರಡನ್ನು ಉಪದೇಶಿಗಳೇ ಅದೇ ನಯದ ದನಿಯಲ್ಲಿ ಓದಿದರು. ಮೂರನೆಯದಕ್ಕೆ ಮೊದಲೇ ಗಂಡಿನ ಕಡೆಯವರು ಬೇಡವೆಂದು ಹೇಳಿ ಕಳಿಸಿದರು. ಕಾರಣ ಹೇಳಲಿಲ್ಲ.

ಕಾರಣ ಗೊತ್ತಾದದ್ದು ಒಂದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಆ ಹುಡುಗನಿಗೆ ಬೇರೆ ಕಡೆ ಮದುವೆಯಾಗಿತ್ತು. ಯಶವಂತಪುರದ ಸ್ಟೇಷನ್ನಿನಲ್ಲಿ ಅವನ ತಾಯಿ ಅಮ್ಮನಿಗೆ ಎದುರಾದರು.

"ಬೇಜಾರ್ ಮಾಡ್ಕೋಬೇಡಿ ಅಕ್ಕಾ. ನಿಮ್ಮ ಹುಡುಗಿಗೆ ಫಿಟ್ಸ್ ಬರುತ್ತಂತಲ್ಲ. ಉಪದೇಶಿಗಳೇ ಮನೆಗ್ ಬಂದು ಹೇಳಿದ್ರು," ಎಂದರಂತೆ.

ಅಕ್ಕನಿಗೆ ಹುಟ್ಟಿದಾಗಿನಿಂದ ತಲೆನೋವೂ ಬಂದದ್ದಿಲ್ಲ.

ಅಪ್ಪ ಆ ದಿನವೇ ಉಪದೇಶಿಗಳ ಮನೆಗೆ ಹೋದರು. ಹಿಂದೆ ನಾನೂ ಹೋದೆ. ಉಪದೇಶಿಗಳು ಇಲ್ಲವೆನ್ನಲಿಲ್ಲ. "ತಪ್ಪಾಯ್ತು ಅಂತ ಆವತ್ತೇ ದೇವರ ಹತ್ರ ಅತ್ತಿದೀನಣ್ಣ. ದೇವರು ಕ್ಷಮಿಸಿಯೂ ಆಯ್ತು. ಅವನೇ ಮರೆತಿದ್ದನ್ನ ನೀವ್ಯಾಕೆ ಕೆದಕ್ತೀರಿ?"

"ಹಂಗಾದ್ರೆ ನನ್ನ ಮಗಳ ಹತ್ರಾನೂ ಒಂದು ಮಾತು ಹೇಳಿ. ಆ ಮನೆಯೋರಿಗೂ ನಿಜ ಹೇಳಿ," ಎಂದರು ಅಪ್ಪ.

ಆ ಮನುಷ್ಯ ಏನು ಮಾಡಿದರು ಗೊತ್ತೆ? ಎದ್ದು ಬಂದು, ಅಪ್ಪನ ತಲೆಯ ಮೇಲೆ ಕೈಯಿಟ್ಟು, ಅಪ್ಪನ ಸಿಟ್ಟು ಇಳಿಯಲೆಂದು ಪ್ರಾರ್ಥನೆ ಮಾಡಿದರು! ಅಪ್ಪ ಪಾಪ, ಕೊನೆಯಲ್ಲಿ ಆಮೆನ್ ಅಂದರು. ದಾರಿಯುದ್ದಕ್ಕೂ ನಾನು ಅಪ್ಪನ ಮುಖ ನೋಡಲಿಲ್ಲ. ಪಾಸ್ಟರಿಗೆ ಹೇಳಿದರೆ ಸಭೆ ಒಡೆಯುತ್ತದೆಂದು ಅಪ್ಪ ಸುಮ್ಮನಾದರು. ಸುಳ್ಳು ಸುಮ್ಮನಾಗಲಿಲ್ಲ. ಅಕ್ಕನನ್ನು ಕೇಳಿಕೊಂಡು ಮತ್ತೆ ಯಾರೂ ಬರಲಿಲ್ಲ.

ಅಲ್ಲಿಂದ ಶುರುವಾಯಿತು ಕಣ್ಣೀರು. ಪ್ರತಿ ಶುಭ ಶುಕ್ರವಾರ ಉಪದೇಶಿಗಳು ಸಭೆಯ ಮುಂದೆ ನಿಂತು, "ನಾನು ಪಾಪಿ. ನಿರಪರಾಧಿಯಾದ ಒಂದು ಆತ್ಮಕ್ಕೆ ನೋವು ಮಾಡಿದೆ," ಎಂದು ಬಿಕ್ಕುತ್ತಿದ್ದರು. ಯಾವ ಆತ್ಮ, ಎಂಥ ನೋವು, ಹೇಳುತ್ತಿರಲಿಲ್ಲ. ಎಂಥ ಮುರಿದ ಮನಸ್ಸು ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಸಾಕ್ಷಿ ಕೇಳಲು ಬಾಗಲೂರು ಕಡೆಯಿಂದಲೂ ಜನ ಗಾಡಿ ಕಟ್ಟಿಕೊಂಡು ಬರತೊಡಗಿದರು. ಆರಾಧನೆ ಮುಗಿದು ಉಪವಾಸ ಬಿಡುವಾಗ ಉಪದೇಶಿಗಳು ಮೂರು ಲೋಟ ಗಂಜಿ ಕುಡಿಯುತ್ತಿದ್ದರು. ಅತ್ತು ಹಗುರಾದವರ ಹಸಿವು! ನನ್ನ ಅಕ್ಕನ ಬದುಕು ಅವರ ಭಕ್ತಿಗೆ ಒಗ್ಗರಣೆಯಾಗಿತ್ತು.

ಐದು ವರ್ಷ ಅಕ್ಕ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು ಕೇಳಿದಳು. ಆರನೆಯ ವರ್ಷ, "ನಿರಪರಾಧಿಯಾದ ಒಂದು ಆತ್ಮ..." ಎಂದು ಅವರು ಕರ್ಚೀಫು ತೆಗೆಯುವಾಗ ಎದ್ದು ನಿಂತಳು.

"ಉಪದೇಶಿಗಳೇ, ಆ ಆತ್ಮ ಆತ್ಮ ಅಂತೀರಲ್ಲ, ಅದು ನಾನೇ. ನಿಮ್ಮನ್ನ ಕ್ಷಮಿಸಿದೀನಿ. ಏನ್ ಮಾಡಿದ್ದಕ್ಕೆ ಅಂತ ಮಾತ್ರ ನೀವೇ ಇವ್ರಿಗೆಲ್ಲ ಹೇಳ್ಬಿಡಿ."

ಉಪದೇಶಿಗಳ ಅಳು ತಟ್ಟನೆ ನಿಂತಿತು. ಕರ್ಚೀಫು ಮಡಚಿ ಜೇಬಿಗಿಟ್ಟರು. ಗಂಟಲು ಸರಿಮಾಡಿಕೊಂಡು, "ಎಲ್ಲರೂ ಎದ್ದು ಕೀರ್ತನೆ ಹಾಡೋಣ," ಎಂದರು. ಎಲ್ಲರೂ ಎದ್ದು ಹಾಡಿದರು. ಅಕ್ಕ ಮೊದಲೇ ನಿಂತಿದ್ದಳು. ಹಾಡಲಿಲ್ಲ.

ಹೊರಗೆ ಬಂದಾಗ ಬೈಗುಳ ಬಿದ್ದದ್ದು ಅಕ್ಕನಿಗೆ. "ದೊಡ್ಡೋರನ್ನ ಹಿಂಗೆ ಸಭೇಲಿ ನಿಲ್ಸಿ ಕೇಳೋದಾ? ಕ್ಷಮಿಸಿದೋಳು ಬಾಯ್ ಮುಚ್ಕೊಂಡಿರ್ಬೇಕಪ್ಪ," ಎಂದರು ಹಿಂದಿನ ವರ್ಷ ಕಣ್ಣೊರೆಸಿಕೊಂಡಿದ್ದ ಹೆಂಗಸರು. ಉಪದೇಶಿಗಳು ಮುಂದೆ ಯಾವತ್ತೂ ಆ ಸಾಕ್ಷಿ ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.

ಮೂರು ವರ್ಷದ ನಂತರ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ನನಗೆ ಒಳಗೊಳಗೇ ಸಮಾಧಾನವಾಯಿತೆಂದು ಹೇಳಲು ಈಗ ಸಂಕೋಚವಿಲ್ಲ. ಅಕ್ಕ ಮಾತ್ರ ಸ್ಕೂಲು ಬಿಟ್ಟ ಮೇಲೆ ಅವರ ಮನೆಗೆ ಹೋಗಿ ಬೈಬಲ್ ಓದಿ ಬರತೊಡಗಿದಳು.

"ಅಲ್ಲಿಗ್ಯಾಕೆ ಹೋಗ್ತೀಯೇ?" ಎಂದು ಜಗಳವಾಡಿದೆ.

"ಕ್ಷಮಿಸಿದೀನಿ ಅಂತ ಎಲ್ರ ಮುಂದೆ ಹೇಳಿದೀನಲ್ಲ. ಅದು ಸುಳ್ಳಾಗ್ಬಾರ್ದು," ಎಂದಳು.

ಒಂದು ಸಂಜೆ ಅವಳ ಜೊತೆ ಹೋಗಿ ಬಾಗಿಲಲ್ಲೇ ನಿಂತಿದ್ದೆ. ಉಪದೇಶಿಗಳು ಅಕ್ಕನನ್ನೇ ನೋಡುತ್ತ, ಸೊಟ್ಟಗಾದ ಬಾಯಿಂದ, "ಫಿ... ಫಿ..." ಎಂದರು. ಬೆವರಿಳಿಯುವಷ್ಟು ಒದ್ದಾಡಿದರು. ಅವರ ಹೆಂಡತಿ, "ಕಾಫಿ ಕೇಳ್ತಿದಾರೆ," ಎಂದು ಒಳಗೆ ಹೋದರು. ಅಕ್ಕ ಬಗ್ಗಿ ಅವರ ಕೈ ಹಿಡಿದು, "ಗೊತ್ತಾಯ್ತು. ಸಾಕು, ಮಲಕ್ಕೊಳ್ಳಿ," ಎಂದಳು. ನಾಲಿಗೆ ನೆಟ್ಟಗಿದ್ದಾಗ ಒಂಬತ್ತು ವರ್ಷ ನುಂಗಿಕೊಂಡ ಫಿಟ್ಸಿನ ಮಾತನ್ನು, ಯಾರಿಗೂ ಅರ್ಥವಾಗದ ಹೊತ್ತಿನಲ್ಲಿ ಉಗುಳುವ ಧೈರ್ಯ! ನನಗೆ ಹೇಸಿಗೆಯೇ ಆಯಿತು. ಅಕ್ಕನ ಕಣ್ಣು ಮಾತ್ರ ತುಂಬಿತ್ತು.

ಆ ತಿಂಗಳೇ ಅವರು ತೀರಿಕೊಂಡರು. ಮಣ್ಣು ಮಾಡುವಾಗ ಅಕ್ಕ ಅತ್ತಳು, ನಾನು ಅಳಲಿಲ್ಲ.

ಮದುವೆಯಿಲ್ಲದೆ, ಯಾರನ್ನೂ ದೂರದೆ ಬದುಕಿದ ಅಕ್ಕ ಹೋಗಿಯೂ ಹನ್ನೆರಡು ವರ್ಷವಾಯಿತು. ಕ್ಷಮಿಸುವುದು ಅವಳ ಹಕ್ಕಾಗಿತ್ತು, ಅವಳು ಕ್ಷಮಿಸಿದಳು. ನನ್ನ ಕ್ಷಮೆಯನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ಕೊಡುತ್ತಿದ್ದೆನೋ ಇಲ್ಲವೋ... ಭಾನುವಾರ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎನ್ನುವ ಆ ಒಂದು ಸಾಲಿಗೆ ನಾನು ಬಾಯಿ ಮುಚ್ಚುತ್ತೇನೆ. ಮೊದಲು ಪಕ್ಕದಲ್ಲಿ ಅಕ್ಕ ಇರುತ್ತಿದ್ದಳು. ಮೊಣಕೈಯಿಂದ ತಿವಿದು, "ಹೇಳೇ," ಎನ್ನುತ್ತಿದ್ದಳು. ಈಗ ತಿವಿಯುವವರಿಲ್ಲ.