ಕಾಮಣ್ಣನ ಪಾಲಾದ ಝಾಲರಿ ಗಿಡ

ಅವ್ವ ಹಚ್ಚಿದ ಗಿಡದ ಹೂವು ಗುಲಾಬಿ ಬಣ್ಣದ್ದೆಂದು ನನ್ನ ನೆನಪು. ಜೇವರ್ಗಿಯ ಅಕ್ಕ ನೇರಳೆ ಎನ್ನುತ್ತಾಳೆ. ಈ ಪ್ರಯಾಣದ ಉಳಿದ ಸಂಗತಿಗಳನ್ನೂ ಓದುಗರು ಅಷ್ಟೇ ನಂಬಿದರೆ ಸಾಕು. ಎಂಬತ್ತರ ದಶಕ, ಹೋಳಿ ಹುಣ್ಣಿಮೆಯ ಆಸುಪಾಸು ಎಂಬುದಷ್ಟೇ ಖಚಿತ.

ಅವ್ವ ತೀರಿದ ಮೇಲೆ ನರೋಣಾದ ಮನೆ ಬೇರೆಯವರ ಪಾಲಾಯಿತು. ಅಕ್ಕ ಆ ಗಿಡವನ್ನು ಬೇರುಸಹಿತ ಜೇವರ್ಗಿಗೆ ಒಯ್ದಳು. ಚಳಿಗೆ ಎಲೆಯೆಲ್ಲ ಉದುರಿದಾಗ ಗಾಬರಿಯಾಗಿ, ಬದುಕಿದೆಯೋ ಸತ್ತಿದೆಯೋ ಬಂದು ನೋಡೆಂದು ಹೇಳಿಕಳಿಸಿದಳು. ನಾವಿಬ್ಬರೂ ಊರಿಗೆ ಹೋಗುತ್ತಿದ್ದದ್ದು ನಾಗರ ಪಂಚಮಿಗೆ. ಆ ಗಿಡವನ್ನು ಹೂವಿನಲ್ಲಷ್ಟೇ ಕಂಡವರು.

ಆಳಂದದಲ್ಲಿ ಕೆಲಸ ಮುಗಿಸಿ ಬೆಳಗಿನ ಬಸ್ಸಿಗೆ ಅಫಜಲಪುರಕ್ಕೆ ಹೊರಟೆ. ತೊಗರಿ ಕೊಯ್ದ ಹೊಲಗಳು, ಕಿಟಕಿ ತುಂಬ ಧೂಳು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಭೀಮಾ ದಂಡೆಯ ಮಣ್ಣೂರ. ಅಲ್ಲಿರುವ ಸಣ್ಣವ್ವನ ಅಂಗಳದಲ್ಲೂ ಅವ್ವನೇ ಕೊಟ್ಟ ಟೊಂಗೆಯಿಂದ ಬೆಳೆದ ಗಿಡವಿತ್ತು, ಮೊದಲು ಅದನ್ನು ನೋಡಲೆಂದೇ ಈ ಸುತ್ತು. ಅದೂ ಬೋಳು. ಸಿಪ್ಪೆ ಸುಲಿದು ನುಣ್ಣಗಾದ ಕಾಂಡ, ತುದಿಯಲ್ಲಿ ಆರು ಸೀಳಾದ ಒಣ ಕಾಯಿ. ಹೊಳೆದಾಸವಾಳದ ಕುಲದ್ದೇ, ಚಿಕ್ಕ ಜಾತಿ ಎಂದು ಗುರುತಿಸಿದೆ. ಅಂಚು ಸುಕ್ಕಾದ ಹೂವಿಗೆ ನಮ್ಮ ಮನೆಯಲ್ಲಿ ಝಾಲರಿ ಎನ್ನುತ್ತಿದ್ದರು.

“ಛಳಿಗಾಲಕ್ಕ ಬತ್ತಲೆ ನಿಂದರತದ, ಮಳಿಗಾಲಕ್ಕ ಸೀರಿ ಉಡತದ. ಇಷ್ಟ ತಿಳ್ಕೊಳ್ಳಾಕ ಬಸ್ ಹತ್ತಿ ಬಂದೆಲ್ಲೋ ತಮ್ಮಾ,” ಎಂದು ಸಣ್ಣವ್ವ ನಕ್ಕು ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ಯಾವುದಕ್ಕೂ ಇರಲೆಂದು ನಾಲ್ಕು ಟೊಂಗೆ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡೆ.

ಮರುದಿನ ಜೇವರ್ಗಿ ತಲುಪಿದಾಗ ಓಣಿಯಲ್ಲಿ ಕಾಮಣ್ಣನ ಬೂದಿ ಇನ್ನೂ ಬೆಚ್ಚಗಿತ್ತು. ಅಕ್ಕನ ಅಂಗಳದಲ್ಲಿ ಗಿಡವಿರಲಿಲ್ಲ, ಮೊಣಕಾಲೆತ್ತರದ ಮೋಟುಗಳಿದ್ದವು. ಹೋಳಿಗೆ ಕಟ್ಟಿಗೆ ಕದಿಯುವುದು ವಾಡಿಕೆ, ಕಳಕೊಂಡವರು ಸಿಟ್ಟಾಗುವಂತಿಲ್ಲ. ಓಣಿಯ ಹಿರಿಯ ಶರಣಪ್ಪ ಸಮಾಧಾನ ಹೇಳಲು ಬಂದಿದ್ದ.

“ಒಣಗಿತ್ತಲ್ರಿ ಅಕ್ಕಾರ. ಕಾಮಣ್ಣಗ ಹೋಗಿದ್ದು ಕೇಳಬಾರದ್ರಿ.”

“ನಿಮ್ಮವ್ವ ಹಚ್ಚಿದ್ದಲ್ಲ ನೋಡ್ರಿ, ಅದಕ್ಕ ನಿಮಗ ಹಬ್ಬ,” ಎಂದಳು ಅಕ್ಕ.

ಗೋಣಿ ಬಿಚ್ಚಿ, ಇದೂ ಅದೇ ಗಿಡ, ಅವ್ವನ ಟೊಂಗೆಯ ಟೊಂಗೆ ಎಂದು ವಿವರಿಸಿದೆ. ಅವಳು ಮುಟ್ಟಲಿಲ್ಲ. ಅವ್ವ ದಿನಾ ನೀರು ಹಾಕಿದ್ದು ಈ ಬೇರಿಗೆ ಎಂದಳು.

ಉಗುರಿನಿಂದ ಮೋಟು ಕೆರೆದೆ. ತೊಗಟೆಯಡಿ ಹಸಿರು.

“ಜೀವ ಅದ,” ಎಂದೆ.

“ಜೀವ ಇದ್ರ ಸಾಕೇನು? ಪಂಚಮಿಗಿ ಹೂ ಬಿಡತದೇನು, ಹೇಳು.”

ಬಿಡುತ್ತದೆ ಎಂದುಬಿಟ್ಟೆ. ಗೊತ್ತಿರಲಿಲ್ಲ. ಗುಲಬರ್ಗಾದ ಬಸ್ಸಿಗೆ ಹೊರಟು ಓಣಿಯ ತುದಿಯಲ್ಲಿ ತಿರುಗಿ ನೋಡಿದಾಗ ಅವಳು ಮೋಟಿನ ಸುತ್ತ ಮುಳ್ಳು ಕಟ್ಟುತ್ತಿದ್ದಳು.

ನಾನಿರುವ ಊರು ಸೇರಿದ ಮೇಲೆ ಸಸ್ಯಶಾಸ್ತ್ರದ ಗೆಳೆಯನನ್ನು ಕೇಳಿದೆ, ತೋಟಗಾರಿಕೆಯ ಪುಸ್ತಕದಲ್ಲೂ ನೋಡಿದೆ: ಈ ಗಿಡ ಹೂ ಬಿಡುವುದು ಆಯಾ ವರ್ಷದ ಹೊಸ ಚಿಗುರಿನಲ್ಲೇ, ಕಡಿದ ಮೋಟು ಚಿಗುರಿದರೂ ಆ ಮಳೆಗಾಲಕ್ಕೇ ಹೂ ಬಿಡುತ್ತದೆ.