ಗೋಡೆಯ ಮೇಲಿನ ಎರಡು ಬಾಟಲಿ

ಮೊನ್ನೆ ಎಜ್‌ವೇರ್ ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಯಾರೋ ಉಪ್ಪುನೀರಿನ ಮಿಡಿಸೌತೆಯ ಬಾಟಲಿ ಕೆಡವಿ ಒಡೆದರು. ಸಬ್ಬಸಿಗೆ, ಬೆಳ್ಳುಳ್ಳಿ, ಹುಳಿ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಬಾಟಲಿ ಒಡೆದವರ ಮೇಲಲ್ಲ, ಪಕ್ಕದ ಮನೆಯ ಮಾಷ್ಟ್ರ ಮೇಲೆ.

ಗಣಿತ ಕಲಿಸಿ ನಿವೃತ್ತರಾದ ಯೆಹೂದಿ ಮನುಷ್ಯ. ನಾನು ಉಡುಪಿ ಕಡೆಯಿಂದ ಈ ಪರದೇಶಕ್ಕೆ ಬಂದ ಕ್ಯಾಥೊಲಿಕ್ ಹೆಂಗಸು. ನಮ್ಮ ಮನೆಗಳ ನಡುವೆ ಸೊಂಟದೆತ್ತರದ ಇಟ್ಟಿಗೆ ಗೋಡೆ. ಒಂದು ಭಾನುವಾರ ಚರ್ಚಿನಿಂದ ಬಂದವಳನ್ನು ನಿಲ್ಲಿಸಿ, ತಾವೇ ಹಾಕಿದ ಮಿಡಿಸೌತೆ ಉಪ್ಪಿನಕಾಯಿಯ ಎರಡು ಬಾಟಲಿಗಳನ್ನು ಗೋಡೆಯ ಮೇಲಿಟ್ಟರು. ಎರಡಕ್ಕೂ ಒಂದೇ ಅಳತೆ, ಒಂದೇ ರುಚಿ. ಆದರೂ ಎರಡು ಎನ್ನುತ್ತೇವೆ, ಯಾಕೆ? ಒಂದು ಇಲ್ಲಿದೆ, ಇನ್ನೊಂದು ಅಲ್ಲಿದೆ, ಅಷ್ಟಕ್ಕೆ. ದೇವರಿಗೆ ಇಲ್ಲಿ ಅಲ್ಲಿ ಎಂಬ ಜಾಗವೇ ಇಲ್ಲದ ಮೇಲೆ ಎರಡನೆಯವನನ್ನು ಹೇಗೆ ಎಣಿಸುತ್ತೀರಿ ಎಂದು ಕೇಳಿದರು. ತಮ್ಮ ಹಳೆಯ ಪಂಡಿತರ ವಾದವಂತೆ. ಹೇಳಿದ್ದು ಮಾತ್ರ ತಾವೇ ಕಂಡುಹಿಡಿದ ಜಂಬದಲ್ಲಿ.

ನಾನು ಬಿಡುವವಳೇ? ಉಪ್ಪು, ನೀರು, ಸೌತೆ ಮೂರೂ ಸೇರಿ ಒಂದೇ ಉಪ್ಪಿನಕಾಯಿ ಆಗಿಲ್ಲವೇ, ನಮ್ಮ ಪಿತ, ಸುತ, ಪವಿತ್ರಾತ್ಮರೂ ಹಾಗೇ, ಮೂವರಾದರೂ ಒಬ್ಬನೇ ದೇವರು ಎಂದೆ. ಅವರು ನಕ್ಕುಬಿಟ್ಟರು.

“ಸೇರಿ ಆದದ್ದಾದರೆ ಸೇರಿಸಿದವನೊಬ್ಬ ಇರಬೇಕು. ನನ್ನ ದೇವರು ಅವನು.”

ಎಂಟು ವರ್ಷ ಹೀಗೇ. ಒಂದು ಹರಳು ಉಪ್ಪಿನಷ್ಟೂ ಸೋಲಲಿಲ್ಲ ಆ ಮನುಷ್ಯ. ಚರ್ಚಿನ ಫಾದರ್ ಹತ್ತಿರ ಉತ್ತರ ಕೇಳಿದರೆ, ನೆರೆಯವರೊಡನೆ ಇದೆಲ್ಲ ಯಾಕೆ ಎಂದು ಜಾರಿಕೊಂಡರು.

ನಮ್ಮವರು ತೀರಿಕೊಂಡು ಹದಿನೈದು ದಿನವಾಗಿತ್ತು. ಬಂದವರ ಸಮಾಧಾನದ ಮಾತು ಕೇಳಿ ಕೇಳಿ ಸಾಕಾಗಿ, ಬೇಕೆಂದೇ ಗೋಡೆಯ ಹತ್ತಿರ ಹೋಗಿ ಹಳೆಯ ವಾದ ತೆಗೆದೆ. ಇವರೊಬ್ಬರಾದರೂ ಮೊದಲಿನಂತೆ ನನ್ನ ಮೇಲೆ ಬೀಳಲಿ ಎಂದು... ಅವರು ತಲೆ ತಗ್ಗಿಸಿದರು.

“ನೀವು ಹೇಳಿದ್ದೇ ಸರಿ ಇರಬಹುದು. ಮೂರು ಅಂತಲೇ ಇರಲಿ.”

ಮೈ ಉರಿದುಹೋಯಿತು. ಗಂಡ ಸತ್ತವಳಿಗೆ ಸಮಾಧಾನವಾಗಲಿ ಎಂದು ತಮ್ಮ ದೇವರನ್ನೇ ಬಿಟ್ಟುಕೊಡುವುದೇ? ನನ್ನನ್ನು ಅಷ್ಟು ಕೈಲಾಗದವಳು ಎಂದುಕೊಂಡರೇ? ಯಾರು ಕೇಳಿದ್ದರು ಆ ಕನಿಕರವನ್ನು? ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಮೇಲೆ ಮೂರು ವಾರ ಅವರು ಗೋಡೆಯ ಹತ್ತಿರ ಬಂದು ನಿಲ್ಲುವುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಒಮ್ಮೆ ಬೆಲ್ಲೂ ಮಾಡಿದರು. ನಾನು ತೆಗೆಯಲಿಲ್ಲ.

ಆಮೇಲೊಂದು ದಿನ ಮಾಷ್ಟ್ರು ತೀರಿಯೇಹೋದರು. ಅವರಲ್ಲಿ ತಡಮಾಡದೆ ಮಣ್ಣು ಮಾಡುತ್ತಾರೆ. ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಎಲ್ಲ ಆಗಿತ್ತು. ಅವರ ಮಗಳು ನನ್ನ ಕೈ ಹಿಡಿದುಕೊಂಡಳು.

“ಅಪ್ಪ ನಿಮ್ಮನ್ನ ನೋಡ್ಬೇಕು ಅಂತಿದ್ರು. ಸುಳ್ಳು ಹೇಳಿಬಿಟ್ಟೆ, ಅದನ್ನ ವಾಪಸ್ ತಗೋಬೇಕು ಅಂತ.”

ಮೊನ್ನೆ ಆ ಅಂಗಡಿಯಿಂದ ಅಂಥದೇ ಒಂದು ಬಾಟಲಿ ತಂದು ಗೋಡೆಯ ಮೇಲಿಟ್ಟೆ. ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಒಳ್ಳೆಯವರೇ, ನಾನು ಏನು ಹೇಳಿದರೂ ಹೌದೆನ್ನುತ್ತಾರೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಆದರೆ ಅದು ಯಾರ ಮೇಲೆ ಎಂದು ಈಗ ಗೊತ್ತು. ನನ್ನ ವಾದ ತಪ್ಪು ಎಂದು ಹೇಳಲು ಬಂದ ಮನುಷ್ಯನಿಗೆ ಬಾಗಿಲು ತೆಗೆಯದವಳು ನಾನು.